ಆರು ಖಾಲಿ ಲಾರಿಗಳ ತೂಕ ಕಾದ ಜಯಮಾಲಾ

ಬೆಳಗಿನ ಆರೂಕಾಲು. ವಾಡಿಯ ಹೊರವಲಯದ ಸಿಮೆಂಟ್ ಗೋದಾಮಿನ ತೂಕದ ಕೋಣೆಯಲ್ಲಿ ಜಯಮಾಲಾ ಕುರ್ಚಿಯ ತುದಿಯಲ್ಲಿ ಕುಳಿತಿದ್ದಾರೆ. ಕಿಟಕಿಯಾಚೆ ಲಾರಿಗಳ ಸಾಲು. ಧೂಳಿನ ಮೇಲೆ ಎಳೆಬಿಸಿಲು ಬಿದ್ದು, ಅವು ಈಗಷ್ಟೇ ಹಿಟ್ಟಿನಲ್ಲಿ ಹೊರಳಿ ಎದ್ದಂತೆ ಕಾಣುತ್ತವೆ. ಸಿಮೆಂಟ್ ತುಂಬಿಸಿಕೊಳ್ಳಲು ಒಳಗೆ ಹೋಗಿರುವ ಆರು ಲಾರಿಗಳ ಖಾಲಿ ತೂಕ ಮಾತ್ರ ದಾಖಲೆಗೆ ಸೇರದೆ, ಕಂಪ್ಯೂಟರ್ ಪರದೆಯ ಮೇಲೆ ಅಲ್ಲಾಡದೆ ನಿಂತಿದೆ.

“ಅಕ್ಕೋರೆ, ಪೆಟ್ಟಿಗಿಗೆ ನಿದ್ದಿ ಹತ್ತೇದೇನ್ರಿ? ನಾ ಇಲ್ಲೇ ಚಾದಂಗಡಿ ಹಾಕ್ಲಿ?” ಕಿಟಕಿಗೆ ಮುಖವಿಟ್ಟು ಕೇಳುತ್ತಾರೆ ಚಾಲಕ ಶೌಕತ ಅಲಿ.

“ಹಾಕ್ರಿ. ಮೊದಲ್ನೇ ಕಪ್ಪು ನನಗ ಕೊಡ್ರಿ,” ಎನ್ನುತ್ತಾರೆ ಜಯಮಾಲಾ, ಪರದೆಯಿಂದ ಕಣ್ಣು ತೆಗೆಯದೆ.

ಇಲ್ಲಿಯ ಕಂಪ್ಯೂಟರ್ ನಡೆಯುವುದು ಲಿನಕ್ಸ್ ವ್ಯವಸ್ಥೆಯಲ್ಲಿ. ಅದರೊಳಗಿನ ಒಂದೊಂದು ಕೆಲಸಕ್ಕೂ ಪ್ರೊಸೆಸ್ ಎಂದು ಹೆಸರು. ಕೆಲವು ಪ್ರೊಸೆಸ್‌ಗಳು ಹಗ್ಗ ಹರಿದುಕೊಂಡ ಹೋರಿಯಂತೆ ಓಡಿ ಯಂತ್ರದ ಶಕ್ತಿಯನ್ನೆಲ್ಲ ತಿನ್ನುತ್ತವೆ. ಅವನ್ನು ‘ಕಿಲ್’ ಎಂಬ ಆಜ್ಞೆಯಿಂದ ಮುಗಿಸಬಹುದು. ಇನ್ನು ಕೆಲವು, ಏನು ಮಾಡಿದರೂ ಸಾಯುವುದಿಲ್ಲ. ನಮ್ಮಜ್ಜಿಯ ಕಥೆಯ ರಾಕ್ಷಸನೂ ಹಾಗೇ ಇದ್ದ. ಅವನ ಜೀವ ಮೈಯೊಳಗಿರದೆ ಎಲ್ಲೋ ದೂರದ ಮರದ ಗಿಳಿಯಲ್ಲಿರುತ್ತಿತ್ತು. ಕತ್ತಿ ಬೀಸಿದವರು ಸೋಲುತ್ತಿದ್ದರು. ಗಿಳಿಯನ್ನು ಹುಡುಕಿ ಹೊರಟವನು ಗೆಲ್ಲುತ್ತಿದ್ದ.

ಶಹಾಬಾದಿನ ಕಾಗಿಣಾ ನದಿಯ ದಂಡೆಯಲ್ಲಿ ದೋಣಿ ನಡೆಸುತ್ತಿದ್ದ ಸಿದ್ದಣ್ಣನವರ ಮಗಳು ಜಯಮಾಲಾ. ಪಿಯುಸಿ ಮುಗಿಸಿ, ೧೯೯೮ರಲ್ಲಿ ಆರು ತಿಂಗಳು ಟೈಪಿಂಗ್ ಮತ್ತು ಕಂಪ್ಯೂಟರ್ ಕಲಿತರು. ಗೋದಾಮಿಗೆ ಲಿನಕ್ಸ್ ಹಾಕಿಕೊಟ್ಟ ಎಂಜಿನಿಯರ್ ಮೂರೇ ವಾರಕ್ಕೆ ಊರು ಬಿಟ್ಟರು. ಅವರು ಹೇಳಿಕೊಟ್ಟ ಆಜ್ಞೆಗಳೆಲ್ಲ ಕನ್ನಡ ಅಕ್ಷರದಲ್ಲಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿವೆ. ದಿನಕ್ಕೆ ನೂರಾ ನಲವತ್ತು ಲಾರಿ, ಲಾರಿಗೆ ಎರಡು ತೂಕ, ಒಂದು ಖಾಲಿ, ಒಂದು ತುಂಬಿದ್ದು. ಕೈಬರಹದ ತೂಕ ಇಲ್ಲಿ ನಡೆಯುವುದಿಲ್ಲ. ಖಾಲಿ ತೂಕದ ದಾಖಲೆ ಕಳೆದುಹೋದರೆ ತುಂಬಿದ ಲಾರಿಯನ್ನು ಇಳಿಸಿ ಮತ್ತೆ ತೂಗಬೇಕು.

ಎರಡು ವರ್ಷದ ಹಿಂದೆ, ೨೦೦೪ರಲ್ಲಿ ಹಾಗೇ ಆಯಿತು. “ಅವಸರ ಮಾಡಿ ಒಂಬತ್ತನೇ ನಂಬರ್ ಕಿಲ್, ಅಂದ್ರ ಎಲ್ಲಾದಕ್ಕಿಂತ ಕಡಕ್ ಕಿಲ್ ಹಾಕ್ದೆ. ಅದು ಸಾಯಲಿಲ್ಲ. ಆದ್ರ ಆ ಆಜ್ಞಾ ಬಾಗಿಲದಾಗ ಕಾಯಾಕತ್ತಿತ್ತು ನೋಡ್ರಿ. ಪ್ರೊಸೆಸ್ ಎಚ್ಚರಾದ ಕೂಡ್ಲೇ ಅದನ್ನ ಮುಗಿಸಿಬಿಡ್ತು. ತೂಕ ಬರಿಯಾಕೂ ಬಿಡ್ಲಿಲ್ಲ,” ಎನ್ನುತ್ತಾರೆ. ಐದು ಲಾರಿಗಳ ಸಾವಿರ ಚೀಲಗಳನ್ನು ಹಮಾಲರು ಇಳಿಸಿ ಮತ್ತೆ ಏರಿಸಿದರು. “ಒಬ್ಬರೂ ಬೈಲಿಲ್ರಿ. ಅದೇ ಭಾಳ ಕೆಟ್ಟ ಅನಿಸ್ತು.”

ಇವತ್ತು ಅವರು ಒಂಬತ್ತರ ಕಡೆ ಬೆರಳನ್ನೂ ಒಯ್ಯುವುದಿಲ್ಲ. ಪಟ್ಟಿಯಲ್ಲಿ ಆರೂ ಪ್ರೊಸೆಸ್‌ಗಳ ಮುಂದೆ ‘ಡಿ’ ಎಂಬ ಅಕ್ಷರವಿದೆ. ಯಾವುದಕ್ಕೋ ಕಾಯುತ್ತಾ ಎಬ್ಬಿಸಲಾಗದ ನಿದ್ದೆಗೆ ಜಾರಿವೆ ಎಂದರ್ಥ. ತೂಕ ಬರೆದಿಡುವುದು ಅಂಗಳದಾಚೆಯ ಆಫೀಸಿನ ಕಂಪ್ಯೂಟರಿನಲ್ಲಿ; ಇವು ಕಾಯುತ್ತಿರುವುದು ಅದಕ್ಕೇ ಇರಬೇಕು. ಜಯಮಾಲಾ ಎದ್ದು, ಗೋಡೆಗುಂಟ ಹೋಗುವ ತಂತಿಯನ್ನು ಬೆರಳಿನಿಂದ ಸವರುತ್ತಾ ನಡೆಯುತ್ತಾರೆ. ತಂತಿ ಗೇಟಿನ ಕಾವಲುಗಾರ ಕಾಶಪ್ಪನವರ ಕೋಣೆ ಹೊಗುತ್ತದೆ. ಅಲ್ಲಿ ಎರಡೂ ಕಡೆಯ ತಂತಿ ಕೂಡಿಸುವ ಸಣ್ಣ ಡಬ್ಬಿಯಿದೆ. ಅದರ ದೀಪ ಆರಿದೆ. ಪಕ್ಕದಲ್ಲಿ ದೇವರ ಫೋಟೋ ಸುತ್ತ ಬಣ್ಣದ ಬಲ್ಬಿನ ಸರ ಮಿನುಗುತ್ತಿದೆ. ಗೋಡೆಯಲ್ಲಿ ಪ್ಲಗ್ಗಿನ ಜಾಗ ಇರುವುದು ಒಂದೇ.

“ಕಾಕಾ, ಇವತ್ತು ಶ್ರಾವಣ ಸೋಮವಾರೇನು?”

“ಹೌದವಾ. ಯಾಕ, ಪ್ರಸಾದ ಬೇಕೇನು?”

“ಆಮ್ಯಾಲೆ ಕೊಡುವಂತಿ. ಮೊದ್ಲು ನಿನ್ನ ದೇವರಿಗೆ ಜರಾ ಸುಮ್ಮನಿರು ಅನ್ನು.”

ಪ್ಲಗ್ಗು ಬದಲಾಗುತ್ತದೆ, ಡಬ್ಬಿಯ ಹಸಿರು ದೀಪ ಹೊತ್ತುತ್ತದೆ. ಜಯಮಾಲಾ ಕೋಣೆಗೆ ಮರಳುವಷ್ಟರಲ್ಲಿ ‘ಡಿ’ಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಒಂದು, ಎರಡು... ಆರನೆಯದೂ ತನ್ನ ತೂಕ ಬರೆದು ತಾನಾಗಿ ಮುಗಿಯುತ್ತದೆ. ಯಾರನ್ನೂ ಕೊಲ್ಲಬೇಕಾಗಲಿಲ್ಲ.

ಸಾಲು ಕದಲುತ್ತದೆ. ಶೌಕತ ಅಲಿ ನಿಜವಾಗಿಯೂ ಚಹಾ ತಂದುಕೊಟ್ಟಿದ್ದಾರೆ. ಒಳಗಿಂದ ತುಂಬಿಬಂದ ಮೊದಲ ಲಾರಿಯ ಮೇಲೆ ಕುಳಿತ ಹಮಾಲರು ಯಾವುದೋ ಹಾಸ್ಯಕ್ಕೆ ನಗುತ್ತಿದ್ದಾರೆ. ಇಲ್ಲಿ ಏನು ನಡೆಯಿತೆಂಬುದು ಅವರಿಗೆ ಗೊತ್ತಿಲ್ಲ. ಜಯಮಾಲಾ ಆ ಹಮಾಲರನ್ನು ನೋಡುತ್ತಾ ಚಹಾ ಕುಡಿಯುತ್ತಾರೆ.

ಮಾಲೀಕರು ಕೇಳಿದರೆ ಏನು ಬೇಡುತ್ತೀರಿ ಎಂದೆ. ಕಪ್ಪು ಕೆಳಗಿಟ್ಟು ಜಯಮಾಲಾ ಹೇಳಿದರು: “ಏನಿಲ್ರಿ, ಕಾಶಪ್ಪ ಕಾಕಾನ ದೇವರಿಗೆ ಬ್ಯಾರೆ ಪ್ಲಗ್ಗು ಒಂದು ಹಾಕಿಸಿಕೊಟ್ರ ಸಾಕು.”