ದಾದಿಮಾ ಹಿಡಿದ ಹಟ

ಕೊಪ್ಪಕ್ಕೆ ವರ್ಗವಾಗಿ ಬಂದಾಗ, ಬಾಡಿಗೆ ಮನೆ ಸಿಗುವವರೆಗೆ ನನ್ನನ್ನು ತನ್ನ ಮನೆಯಲ್ಲಿ ಇರಿಸಿಕೊಂಡವಳು ಸಹೋದ್ಯೋಗಿ ಶಾಹಿದಾ. ಅದು ರಂಜಾನ್ ತಿಂಗಳು. ಮನೆಯವರೆಲ್ಲ ಹಸಿದಿರುವಾಗ ನಾನೊಬ್ಬಳೇ ತಿನ್ನುವುದು ಹೇಗೆಂದು ಒಂದು ಭಾನುವಾರ ನಾನೂ ಉಪವಾಸ ಹಿಡಿದೆ.

ಮಧ್ಯಾಹ್ನ ಶಾಹಿದಾ ತನ್ನ ಅಜ್ಜಿಗೆ ಗಂಜಿ ತಂದಿಟ್ಟಳು. ಸಕ್ಕರೆ ಕಾಯಿಲೆ ಇದ್ದುದರಿಂದ ಡಾಕ್ಟರು ದಾದಿಮಾಗೆ ಉಪವಾಸ ಬೇಡವೆಂದಿದ್ದರು. ಆದರೆ ಅವರು ಬಟ್ಟಲನ್ನು ಆಚೆ ದೂಡಿದರು.

"ಹೊರಗಿಂದ ಬಂದ ಹುಡುಗಿಯೇ ಉಪವಾಸ ಇದ್ದಾಳೆ. ಅವಳ ಎದುರು ನಾನು ಉಣ್ಣೋದಾ?"

"ಮಾತ್ರೆ ತಗೊಂಡಾಗಿದೆ ದಾದಿಮಾ, ಉಣ್ಣದಿದ್ರೆ ತಲೆ ತಿರುಗ್ತದೆ," ಎಂದು ಶಾಹಿದಾ ಗೋಗರೆದಳು. ಅವರು ಜಗ್ಗಲಿಲ್ಲ. ಕೈ ಆಗಲೇ ಸಣ್ಣಗೆ ನಡುಗುತ್ತಿತ್ತು.

ನನಗೆ ಗಾಬರಿಯಾಯಿತು. ಇನ್ನೊಂದು ಬಟ್ಟಲು ತಂದು ಅವರ ಪಕ್ಕದಲ್ಲೇ ಕೂತೆ. "ನಂಗೂ ಬಡಿಸಿ ದಾದಿಮಾ."

ಅವರು ನನ್ನನ್ನೇ ದಿಟ್ಟಿಸಿದರು. "ನನಗೋಸ್ಕರ ಬಿಟ್ಟೆಯಾ?"

"ಇಲ್ಲ ಮಾರಾಯ್ರೆ, ಹಸಿವು ತಡೆಯೋಕೆ ಆಗ್ತಿಲ್ಲ."

"ರಂಜಾನಲ್ಲಿ ಸುಳ್ಳು ಹೇಳ್ತೀಯಲ್ಲ!" ಎಂದು ನಕ್ಕು ನನಗೆ ಬಡಿಸಿದರು. ತಾವೂ ಉಂಡರು. ಸ್ವಲ್ಪ ಹೊತ್ತಿಗೆ ಕೈನಡುಕ ನಿಂತಿತು.

ಸಂಜೆ ಬಾಂಗ್ ಕೇಳಿದ ಕೂಡಲೇ ದಾದಿಮಾ ಮೊದಲ ಖರ್ಜೂರವನ್ನು ನನ್ನ ಬಾಯಿಗೇ ಇಟ್ಟರು. ದಿನವಿಡೀ ನಿಜವಾಗಿಯೂ ಹಸಿದಿದ್ದ ಶಾಹಿದಾ ಆಗ ನನ್ನನ್ನು ನೋಡಿದ ನೋಟವಂತೂ ಹೇಳುವ ಹಾಗಿಲ್ಲ.