ಖಂಡೇನವಮಿಯ ದಿನ ಕಪ್ಪಾದ ಪರದೆ

ಖಂಡೇನವಮಿಗೆ ಸೊಲ್ಲಾಪುರದ ನಮ್ಮ ಮನೆಯಲ್ಲಿ ತೊಳೆಯದೆ ಉಳಿಯುವ ವಸ್ತುವೇ ಇಲ್ಲ. ಅಂಗಡಿಯ ತಕ್ಕಡಿ, ಕತ್ತರಿ, ಹಿಂದಿನ ಶೆಡ್ಡಿನ ಟಾವೆಲ್ ಮಗ್ಗಗಳು, ಎಲ್ಲಕ್ಕೂ ನೀರೋ ಎಣ್ಣೆಯೋ ಬೀಳಲೇಬೇಕು. ಪೂಜೆಯಾದ ಮೇಲೆ ದಸರೆಯ ಬೆಳಗಿನವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ನನ್ನ ಪಾಲಿಗೆ ಇದ್ದದ್ದು ಕಂಪ್ಯೂಟರ್. ಧೂಳು ಒರೆಸಿದೆ. ಅಷ್ಟಕ್ಕೇ ಸುಮ್ಮನಾದರೆ ನಾನು ನಾಗಣಸೂರಿನ ಒಕ್ಕಲುತನದ ಮನೆಯ ಮಗಳು ಹೇಗಾದೇನು? ಒಳಗೂ ಸ್ವಚ್ಛವಾಗಲಿ ಎಂದು ತಿಂಗಳುಗಟ್ಟಲೆ ಬಾಕಿಯಿದ್ದ ಅಪ್‌ಡೇಟುಗಳನ್ನೆಲ್ಲ ಒಂದೇ ಏಟಿಗೆ ಹಾಕಿಬಿಟ್ಟೆ.

ಆಮೇಲೆ ನನ್ನ ಡಿಸೈನ್ ತೆರೆದೆ. ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. ಕಂಪ್ಯೂಟರ್ ತಾನೇ ಬಂದ್ ಆಗಿ ತಾನೇ ಶುರುವಾಯಿತು. ಮತ್ತೆ ತೆರೆದೆ, ಮತ್ತದೇ. ಮದುವೆಯಾಗಿ ಬಂದಾಗಿನಿಂದ ನಾನು ಬಿಡಿಸಿದ ಒಂದು ಡಿಸೈನೂ ಈ ಮನೆಯ ಮಗ್ಗ ಏರಿರಲಿಲ್ಲ. ಮಾವನವರು ತಮ್ಮ ಹಳೆಯ ಹೂಬಳ್ಳಿ ಬಿಟ್ಟು ಕದಲುವವರಲ್ಲ. ಬೇಡಿ, ಕಾಡಿ, ಒಂದು ಹೊತ್ತು ಊಟವನ್ನೂ ಬಿಟ್ಟು, ಈ ದಸರೆಯ ಮುಹೂರ್ತಕ್ಕೆ ನನ್ನ ನವಿಲಿನ ಟಾವೆಲ್ ನೇಯಲು ಒಪ್ಪಿಸಿದ್ದೆ. ಅಂಚಿನ ಬಣ್ಣವೊಂದನ್ನು ತಿದ್ದಿ, ಮಗ್ಗಕ್ಕೆ ಬೇಕಾದ ಫೈಲ್ ಮಾಡುವುದಷ್ಟೇ ಉಳಿದಿತ್ತು. ಅದಾಗದಿದ್ದರೆ ಮುಹೂರ್ತ ಹೂಬಳ್ಳಿಯದೇ.

ಅಕ್ಕಲಕೋಟೆಯಲ್ಲಿ ಫೋಟೋ ಸ್ಟುಡಿಯೋ ನಡೆಸುವ ನನ್ನ ಅಕ್ಕನಿಗೆ ಫೋನ್ ಹಚ್ಚಿದೆ.

“ಹೊಸಾದ ಏನರ ಹಾಕೀದೇನ?” ಎಂದಳು.

“ಏನೂ ಇಲ್ಲ. ಹಬ್ಬಕ್ಕ ಸ್ವಚ್ಛ ಮಾಡೀನಿ, ಅಷ್ಟ.”

“ಸ್ವಚ್ಛ ಅಂದ್ರ?”

ಹೇಳಿದೆ. ಆ ಕಡೆ ನಗು ನಿಲ್ಲಲೊಲ್ಲದು.

“ಅಯ್ಯ ನಿನ್ನ! ಕಂಪ್ಯೂಟರಿಗೂ ಎಣ್ಣಿ-ನೀರ ಹಾಕೀದಿ? ಹೊಸಾ ಗ್ರಾಫಿಕ್ಸ್ ಡ್ರೈವರ್ ಹೊಂದಿಲ್ಲ ಅದಕ್ಕ. ಸೇಫ್ ಮೋಡಿನ್ಯಾಗ ಚಾಲೂ ಮಾಡಿ ನೋಡು.”

ಪರದೆಗೆ ಚಿತ್ರ ಮೂಡಿಸುವ ಕಾರ್ಡನ್ನು ನಡೆಸುವ ಪ್ರೋಗ್ರಾಮೇ ಈ ಡ್ರೈವರ್. ಸೇಫ್ ಮೋಡಿನಲ್ಲಿ ಅದರ ಹಂಗಿಲ್ಲದೆ ಕಂಪ್ಯೂಟರ್ ನಡೆಯುತ್ತದೆ. ಶುರು ಮಾಡಿದೆ. ಅಕ್ಷರಗಳೆಲ್ಲ ದಪ್ಪದಪ್ಪ, ಆದರೆ ಪರದೆ ಕಪ್ಪಾಗಲಿಲ್ಲ.

“ಹಂಗಾರ ಕಾರ್ಡ್ ಸುಟ್ಟಿಲ್ಲ. ಹೆದರಬ್ಯಾಡ,” ಎಂದಳು ಅಕ್ಕ.

ಅಷ್ಟರಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ಬಂದರು. “ಏಳವ್ವಾ, ಕುಂಕುಮ ಹಚ್ಚತೀನಿ. ಆಮ್ಯಾಲ ನಾಳಿತನಕ ಕೈ ಹಚ್ಚಂಗಿಲ್ಲ ನೋಡು.”

ಅವರ ಹಿಂದೆ ಮಾವನವರು. ಕಂಪ್ಯೂಟರ್ ಕೆಟ್ಟದ್ದು ಕಂಡು ಇವರಿಗೆ ಒಳಗೊಳಗೇ ಖುಷಿಯಾಗಿರಬೇಕು ಎಂದುಕೊಂಡು ನನಗೆ ಸಿಟ್ಟೇ ಬಂತು.

“ಏನಾಗೇದ?” ಎಂದು ಅವರು ಕೇಳಿದರು.

“ಕೆಟ್ಟದರಿ ಮಾವಾರ. ರಿಪೇರಿ ಮಾಡಾಕತ್ತೀನ್ರಿ.”

ಅವರು ಅತ್ತೆಯ ಕಡೆ ತಿರುಗಿದರು. “ತಡಿ ಸ್ವಲ್ಪ. ಬ್ಯಾನಿ ಬಿದ್ದ ಎತ್ತಿಗೆ ಮದ್ದ ಹಾಕೂದ ಬಿಟ್ಟು ಯಾರರ ಕುಂಕುಮ ಹಚ್ಚತಾರೇನ? ದೇವರೇನ ಎದ್ದು ಹೋಗೂದಿಲ್ಲ.”

ಹೀಗೆಂದು ಬಾಗಿಲಿಗೆ ಅಡ್ಡವಾಗಿ ಸ್ಟೂಲ್ ಹಾಕಿಕೊಂಡು ಕೂತೇಬಿಟ್ಟರು. ಅತ್ತೆ ತಟ್ಟೆ ಹಿಡಿದುಕೊಂಡೇ ಗೊಣಗಿದರು.

ಅಕ್ಕ ಹೇಳಿದಂತೆ ಡಿವೈಸ್ ಮ್ಯಾನೇಜರ್ ತೆಗೆದು, ರೋಲ್ ಬ್ಯಾಕ್ ಒತ್ತಿದೆ. ಹೊಸ ಡ್ರೈವರ್ ಹೋಗಿ ಹಳೆಯದು ಬಂತು. ಕಂಪ್ಯೂಟರನ್ನು ಎಂದಿನಂತೆ ಶುರುಮಾಡಿ, ಡಿಸೈನ್ ತೆರೆದೆ. ನವಿಲು ಬಂತು. ಹಿಗ್ಗಿಸಿದೆ, ಕುಗ್ಗಿಸಿದೆ, ಪರದೆ ಅಲುಗಲಿಲ್ಲ.

“ಬಂತ ಯಕ್ಕಾ!” ಎಂದು ಕಿರುಚಿದೆ. ಅಂಚು ತಿದ್ದಿ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಎದ್ದೆ. ಕಾದು ಕಾದು ಬೇಸತ್ತಿದ್ದ ಅತ್ತೆ ಮಾನಿಟರಿಗೆ ಧಾರಾಳವಾಗಿ ಕುಂಕುಮ ಬಳಿದರು.

ಮರುದಿನ ಬೆಳಿಗ್ಗೆ ಮಾವನವರು ಕಾಯಿ ಒಡೆದು, ಪೆನ್‌ಡ್ರೈವ್ ಸಿಕ್ಕಿಸಿ ಮಗ್ಗ ಚಾಲೂ ಮಾಡಿದರು. ಮೊದಲು ಅಂಚು, ಆಮೇಲೆ ಕಾಲು, ಕತ್ತು, ಇಡೀ ನವಿಲು. ಮುಹೂರ್ತದ ಮೊದಲ ಟಾವೆಲ್ ದೇವರಿಗೆ ಸಲ್ಲುವುದು ನಮ್ಮಲ್ಲಿ ರೂಢಿ. ನಾನು ತಟ್ಟೆ ಹಿಡಿದು ನಿಂತೆ. ಮಾವನವರು ಟಾವೆಲ್ ಕತ್ತರಿಸಿ, ಝಾಡಿಸಿ, ಎರಡೂ ಬದಿ ತಿರುಗಿಸಿ ನೋಡಿ, ತಮ್ಮ ಹೆಗಲ ಮೇಲೆ ಹಾಕಿಕೊಂಡರು.

“ದೇವರಿಗಿ ಎರಡನೇದ ಇಡೂಣು,” ಎಂದರು.

ಹಿಗ್ಗಿಗೆ ನನಗೆ ಅಳುವೇ ಬಂತು. ಸಂಜೆ ಅದನ್ನೇ ಹೆಗಲಿಗೇರಿಸಿಕೊಂಡು ಓಣಿಯ ಮನೆಮನೆಗೂ ಹೋಗಿ ದಸರೆಯ ಬನ್ನಿ ಎಲೆ ಕೊಟ್ಟು ಬಂದರು.