ಬೇಲಿಯ ಮೇಲಿನ ಇಟಾಲಿಯನ್ ಕಂಬಳಿ

ಬೆಳಗ್ಗೆ ಹತ್ತೂಕಾಲಿಗೆ ಪೊಲೀಸರು ನಮ್ಮ ಬೇಲಿಯ ಬಳಿ ನಿಂತರು.

ಎರಡನೆಯ ಮಹಾಯುದ್ಧದ ಕಾಲ. ಆಫ್ರಿಕಾದ ಮಿಲಿಟರಿ ಆಸ್ಪತ್ರೆಯಲ್ಲಿ ಚಾಕರಿಯಲ್ಲಿದ್ದ ಅಣ್ಣ ರಜೆಯಲ್ಲಿ ಬೆಳ್ಳೂರಿಗೆ ಬಂದು ಮೂರು ದಿನವಾಗಿತ್ತು. ಆಸ್ಪತ್ರೆಯ ಸಾಮಾನು ಮೈಲಿಗೆಯೆಂದು ಅಮ್ಮ ಅವನ ಪೆಟ್ಟಿಗೆಯ ಬಟ್ಟೆಗಳನ್ನೆಲ್ಲ ಬೂದಿನೀರಿನಲ್ಲಿ ಅದ್ದಿ ಒಗೆದು, ದಾರಿಬದಿಯ ಬೇಲಿಗೆ ಹರವಿದ್ದಳು. ಅದರಲ್ಲೊಂದು ಕಂಬಳಿಯ ಅಂಚಿನಲ್ಲಿ ಇಟಾಲಿಯನ್ನಿನಲ್ಲಿ ಕಪ್ಪಾಗಿ ಅಚ್ಚೊತ್ತಿತ್ತು: ‘ಓಸ್ಪೆದಾಲೆ ದಿವಿಸಿಯೊನಾಲೆ’. ಇಟಲಿಯ ಯುದ್ಧಕೈದಿಯೊಬ್ಬ ಸೆರೆಶಿಬಿರದಿಂದ ತಪ್ಪಿಸಿಕೊಂಡನೆಂಬ ಸುದ್ದಿ ಅದೇ ವಾರ ಹಬ್ಬಿತ್ತು.

“ಎಲ್ಲಿ ಅಡಗಿಸಿಟ್ಟಿದ್ದೀರಿ ಅವನನ್ನು?” ಎಂದರು ಇನ್ಸ್‌ಪೆಕ್ಟರು.

“ಜಾಗ ಎಲ್ಲುಂಟು ಸ್ವಾಮೀ? ಕೋಳಿಗೇ ಸಾಲುವುದಿಲ್ಲ,” ಎಂದಳು ಅಮ್ಮ.

ಪೇದೆ ನಕ್ಕ. ಇನ್ಸ್‌ಪೆಕ್ಟರು ನಗಲಿಲ್ಲ, ಅಣ್ಣನ ತೋಳು ಹಿಡಿದುಕೊಂಡರು.

ಮಂಗಳೂರಿನ ಕಾಲೇಜಿನಲ್ಲಿ ಒಬ್ಬ ಇಟಾಲಿಯನ್ ಪಾದ್ರಿಯಿಂದ ನಾನು ಒಂದು ವರ್ಷ ಆ ಭಾಷೆ ಕಲಿತಿದ್ದೆ. ಅದನ್ನು ಹೇಳಿದೆ.

“ಹಾಗಾದರೆ ಓದು ಮಾರಾಯ. ಸುಳ್ಳು ಹೇಳಿದರೆ ನೀನೂ ಠಾಣೆಗೆ.”

ಮೊದಲ ಪದ ಆಸ್ಪತ್ರೆ. ಎರಡನೆಯದು ವಿಶೇಷಣ, ಇಟಾಲಿಯನ್ನರು ಅದನ್ನು ನಾಮಪದದ ನಂತರ ಇಡುತ್ತಾರೆ. ದೊಡ್ಡ ಸಂಸ್ಥೆಯ ಒಂದು ವಿಭಾಗಕ್ಕೆ ಸೇರಿದ್ದು ಎಂದರ್ಥ. ಕಂಪೆನಿಯ ವಿಭಾಗದ ಮುಖ್ಯಸ್ಥನಿಗೂ ಅದೇ ಪದ, ಸೈನ್ಯದ ಡಿವಿಜನ್ನಿನ ಕಚೇರಿಗೂ ಅದೇ. ಆಸ್ಪತ್ರೆಯ ಜೊತೆ ಬಂದರೆ ಅದು ಸೈನ್ಯದ ಡಿವಿಜನ್ನಿನ ಆಸ್ಪತ್ರೆ. ಇದು ರಣರಂಗದ ಆಸ್ಪತ್ರೆಯ ಕಂಬಳಿ, ಸೆರೆಶಿಬಿರದ್ದಲ್ಲ ಎಂದರೆ ಕೈದಿಯ ಸಂಶಯ ಹೋಗುತ್ತಿತ್ತು. ಆದರೆ ಅಣ್ಣ ಸೈನ್ಯದ ಸೊತ್ತು ಕದ್ದನೆಂಬ ಸಂಶಯ ಬರುತ್ತಿತ್ತು. ‘ಸೈನ್ಯ’ ಎಂಬುದನ್ನು ನುಂಗಿಬಿಡಲೇ ಎಂದು ನಾನು ತಡವರಿಸಿದೆ. ಅಣ್ಣ ಹೇಳೆಂದು ತಲೆಯಾಡಿಸಿದ. ಎಲ್ಲವನ್ನೂ ಹೇಳಿದೆ.

“ನಿನ್ನ ಕೈಗೆ ಹೇಗೆ ಬಂತು ಇದು?” ಎಂದು ಅವರು ಅಣ್ಣನತ್ತ ತಿರುಗಿದರು.

“ಸೋತವರು ಬಿಟ್ಟುಹೋದದ್ದು. ನಮ್ಮ ಡಾಕ್ಟರ್ ಸಾಹೇಬರೇ ಕೊಟ್ಟರು,” ಎಂದ ಅಣ್ಣ.

“ಚೀಟಿ ಉಂಟಾ?”

ಇರಲಿಲ್ಲ. ಕಂಬಳಿ ಠಾಣೆಗೆ ಹೋಯಿತು. ಠಾಣೆಯಿಂದ ಕಳಿಸಿದ ತಂತಿಗೆ ಸಾಹೇಬರ ಉತ್ತರ ಬರುವವರೆಗೆ ಅಣ್ಣ ದಿನಕ್ಕೆರಡು ಸಲ ಠಾಣೆಗೆ ಹೋಗಿ ಮುಖ ತೋರಿಸಬೇಕಾಯಿತು. ಸಾಹೇಬರು ಕೊಟ್ಟಿಲ್ಲವೆಂದರೆ ಅವನಿಗೆ ಮಿಲಿಟರಿ ಜೈಲು, ಅದೂ ನನ್ನ ಬಾಯಿಂದ. ಒಂದು ಪದ ಕಡಿಮೆ ಹೇಳಿದ್ದರೆ ಎಂದು ಮಲಗಿದಲ್ಲೇ ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದೆ. ಈಗಲೂ ಕೆಲವೊಮ್ಮೆ ಹಾಕುತ್ತೇನೆ. ಅಮ್ಮ ಯಾರನ್ನೂ ಬೈಯಲಿಲ್ಲ, ಬೇಲಿಗೆ ಬಟ್ಟೆ ಹಾಕುವುದನ್ನು ಮಾತ್ರ ಬಿಟ್ಟಳು.

ಹತ್ತೊಂಬತ್ತನೆಯ ದಿನ ತಂತಿ ಬಂತು: ಕಂಬಳಿಗಳನ್ನು ಚಾಕರಿಯವರಿಗೆ ತಾವೇ ಹಂಚಿದ್ದೆಂದು ಸಾಹೇಬರು ತಿಳಿಸಿದ್ದರು. ಆ ಶುಕ್ರವಾರ ರಾತ್ರಿ ನಾವು ಮೂವರೂ ಊಟ ಮುಗಿಸಿ ಮಲಗಿದವರು ಎದ್ದದ್ದು ಮರುದಿನ ಬಿಸಿಲು ಜಗಲಿಗೆ ಬಂದ ಮೇಲೆ.